ತಪ್ಪು ಮಾಡಿದ ಮಗ ಪ್ರೊಬೇಷನ್ ಮೇಲೆ ಮನೆಗೆ ಬಂದರೆ ಮುಂದೇನು? ಪೋಷಕರು ತಿಳಿದಿರಬೇಕಾದ ಸಂಗತಿಗಳಿವು

ಕಳಂಬೋಲಿ: ಇಲ್ಲಿನ ಉಕ್ಕಿನ ಮಾರುಕಟ್ಟೆಯ ಗೋದಾಮಿನಲ್ಲಿ ಕಬ್ಬಿಣ ಕದ್ದು 16ರ ಹುಡುಗನೊಬ್ಬ ಸಿಕ್ಕಿಬಿದ್ದ ಎಂದುಕೊಳ್ಳಿ. ಅವನನ್ನು ಲಾಕಪ್‌ಗೆ ಹಾಕುವಂತಿಲ್ಲ, ಜೈಲಿಗೂ ಕಳುಹಿಸುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಪ್ಪು ಸಾಬೀತಾದರೆ ಮಂಡಳಿ ಅವನನ್ನು ಪ್ರೊಬೇಷನ್ ಮೇಲೆ ಮನೆಗೆ ಕಳುಹಿಸಬಹುದು. ಆದರೆ ಅಲ್ಲಿಗೆ ಕೇಸ್ ಮುಗಿಯಿತು ಎಂದು ಸುಮ್ಮನಾಗುವಂತಿಲ್ಲ.

ಪ್ರೊಬೇಷನ್ ಎಂದರೇನು?

2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 18ರ ಪ್ರಕಾರ, ಸನ್ನಡತೆಯ ಷರತ್ತಿನ ಮೇಲೆ ಮಗುವನ್ನು ಪೋಷಕರಿಗೆ ಅಥವಾ ಯೋಗ್ಯ ವ್ಯಕ್ತಿಗೆ ಒಪ್ಪಿಸಲಾಗುತ್ತದೆ. ಹೊಣೆ ಹೊತ್ತವರು ಬಾಂಡ್ ಬರೆದುಕೊಡಬೇಕು. ಅವಧಿ ಗರಿಷ್ಠ 3 ವರ್ಷ. ಜಾಮೀನುದಾರರು ಬೇಕೇ ಬೇಡವೇ ಎಂಬುದು ಮಂಡಳಿಗೆ ಬಿಟ್ಟದ್ದು. ಹಾಗಾಗಿ ಪರಊರಿನಲ್ಲಿ ಜಾಮೀನು ನಿಲ್ಲುವವರಿಲ್ಲ ಎಂಬ ಕಾರಣಕ್ಕೇ ಈ ಅವಕಾಶ ತಪ್ಪಬೇಕಿಲ್ಲ.

ವರದಿ ಏಕೆ ಮುಖ್ಯ?

ಮಗು ಸಿಕ್ಕ ಮಾಹಿತಿ ತಲುಪಿದ ಬಳಿಕ ಪ್ರೊಬೇಷನ್ ಅಧಿಕಾರಿ 2 ವಾರದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ಮನೆಯ ಸ್ಥಿತಿ, ಶಾಲೆ, ಸಹವಾಸ, ದುಶ್ಚಟ ಎಲ್ಲವೂ ಅದರಲ್ಲಿ ಬರುತ್ತವೆ. ಮರ್ಯಾದೆಗೆ ಅಂಜಿ ಪೋಷಕರು ವಿಷಯ ಮುಚ್ಚಿಟ್ಟರೆ ನಷ್ಟ ಮಗುವಿಗೇ. ಏಕೆಂದರೆ ಶಾಲೆಗೆ ಮರಳುವುದು, ವೃತ್ತಿ ತರಬೇತಿ, ವ್ಯಸನಮುಕ್ತಿ ಚಿಕಿತ್ಸೆ, ನಿರ್ದಿಷ್ಟ ಜಾಗಗಳಿಗೆ ಹೋಗದಂತೆ ನಿರ್ಬಂಧ ಮುಂತಾದ ಆದೇಶಗಳನ್ನೂ ಮಂಡಳಿ ನೀಡಬಹುದು. ಕಳವಿಗೆ ಕಾರಣ ಗಾಂಜಾ ಚಟವಾಗಿದ್ದರೆ ಬರೀ ಬುದ್ಧಿಮಾತು ಸಾಲದು. ಚಟ ಬಿಡದೆ ಕಳವೂ ನಿಲ್ಲುವುದಿಲ್ಲ.

ಭಾಷೆ ಬಾರದಿದ್ದರೆ?

ವಿಜಯಪುರ, ಕಲಬುರಗಿ ಕಡೆಯಿಂದ ದುಡಿಯಲು ಬಂದ ಕುಟುಂಬದ ಮಗುವಿಗೆ ಮರಾಠಿಯಲ್ಲಿ ನಡೆಯುವ ವಿಚಾರಣೆ ಅರ್ಥವಾಗದಿರಬಹುದು. ಆಗ ಅನುವಾದಕರನ್ನು ಒದಗಿಸುವುದು ಮಂಡಳಿಯ ಹೊಣೆ. ಕಾನೂನು ಸೇವಾ ಸಂಸ್ಥೆಯ ಮೂಲಕ ವಕೀಲರ ನೆರವೂ ಸಿಗುತ್ತದೆ. ಪ್ರೊಬೇಷನ್ ಅವಧಿಯಲ್ಲಿ ಮನೆ ಬದಲಿಸುವುದಾದರೆ ಅಥವಾ ಊರಿಗೆ ಮರಳುವುದಾದರೆ ಅಧಿಕಾರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಸಂಪರ್ಕ ಕಡಿದರೆ ಮೇಲ್ವಿಚಾರಣೆಯ ಜತೆಗೆ ನೆರವೂ ತಪ್ಪಿಹೋಗುತ್ತದೆ.

ಕಳಂಕ ಉಳಿಯುತ್ತದೆಯೇ?

ಬಾಲ ನ್ಯಾಯ ಮಂಡಳಿಯಲ್ಲೇ ಇತ್ಯರ್ಥವಾದ ಪ್ರಕರಣ ಮುಂದೆ ನೌಕರಿಗೆ ಅನರ್ಹತೆಯಾಗದು. ನಿಗದಿತ ಅವಧಿಯ ನಂತರ ದಾಖಲೆ ನಾಶಪಡಿಸಬೇಕು ಎನ್ನುತ್ತದೆ ಸೆಕ್ಷನ್ 24. ಮಗುವಿನ ಹೆಸರು, ಫೋಟೊ ಪ್ರಕಟಿಸುವುದೂ ಅಪರಾಧ. ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಕಳ್ಳ’ ಎಂದು ಫೋಟೊ ಹಂಚುವವರು ಇದನ್ನು ನೆನಪಿಡಬೇಕು. ಶಾಲೆಯೂ ಕೆಲಸ ಕೊಡುವವರೂ ದೂರವಿಟ್ಟ ಹುಡುಗನನ್ನು ಹತ್ತಿರ ಸೇರಿಸುವುದು ಹಳೆಯ ಗುಂಪು ಮಾತ್ರ.