ಒಲೆ ಹಿರಿದಾದರೆ ಮನೆ ಬೆಚ್ಚಗಾಗುವುದೇ?

ಕಲ್ಯಾಣದ ಶರಣರಲ್ಲಿ ಮೋಳಿಗೆ ಮಾರಯ್ಯನವರ ಹೆಸರನ್ನು ಅರಿಯದವರು ನಮ್ಮ ಓದುಗ ಕುಟುಂಬಗಳಲ್ಲಿ ಇರಲಾರರು. ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಮಡದಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ಹೊತ್ತು ತಂದು ಮಾರಿ, ಆ ಕಾಯಕದಿಂದಲೇ ಜಂಗಮ ದಾಸೋಹ ನಡೆಸಿದ ಮಹಾನುಭಾವರೆಂದು ಪರಂಪರೆಯು ಅವರನ್ನು ಕೊಂಡಾಡುತ್ತದೆ. ಹುಮನಾಬಾದ ತಾಲೂಕಿನ ಮೋಳಕೇರಾ ಊರಿನೊಡನೆ ಅವರ ಹೆಸರನ್ನು ಸೇರಿಸಿ ಸ್ಮರಿಸುವ ಭಕ್ತರು ಇಂದಿಗೂ ಉಂಟು. ಕಟ್ಟಿಗೆಯ ಒಂದೊಂದು ಹೊರೆಯ ಹಿಂದೆಯೂ ಒಬ್ಬರ ಬೆನ್ನಿನ ನೋವಿದೆ ಎಂಬುದನ್ನು ಆ ಶರಣರ ಬದುಕು ನಮಗೆ ನೆನಪಿಸುತ್ತದೆ. ಇಂದು ನಾವು ಓದುಗ ಬಂಧುಗಳ ಮುಂದಿಡಬಯಸುವ ವಿಷಯವೂ ಕಟ್ಟಿಗೆಯದೇ, ಒಲೆಯದೇ.

ಬೀದರ ಸೀಮೆಯೆಂದರೆ ಸುಡುಬಿಸಿಲಿನ ಸೀಮೆ, ಇಲ್ಲಿ ಚಳಿ ಎಲ್ಲಿಂದ ಬರಬೇಕು ಎಂದು ದಕ್ಷಿಣದ ಬಂಧುಗಳು ಕೇಳುವುದುಂಟು. ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮೀರುವ ಈ ಎತ್ತರದ ಬಯಲು ಪುಷ್ಯಮಾಸದಲ್ಲಿ ಬೇರೆಯೇ ರೂಪವನ್ನು ತಾಳುತ್ತದೆ. ಆಕಾಶ ನಿರ್ಮಲವಾಗಿರುವ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಇಲ್ಲಿ ಅಪರೂಪವೇನಲ್ಲ. ಎಳ್ಳಮಾವಾಸ್ಯೆಯ ಚರಗದಿಂದ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯವರೆಗಿನ ದಿನಗಳಲ್ಲಿ ವೃದ್ಧರೂ ಹಸುಗೂಸುಗಳೂ ಇರುವ ಮನೆಗಳ ಕಷ್ಟವನ್ನು ಕಂಡವರೇ ಬಲ್ಲರು.

ನಮ್ಮ ಮನೆಯ ಅನುಭವ

ಬಸವಕಲ್ಯಾಣಕ್ಕೂ ಹುಮನಾಬಾದಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ನಮ್ಮ ಹಿರಿಯರ ಮನೆಯಿದೆ. ಕೆಂಪು ಜಂಬಿಟ್ಟಿಗೆಯ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಡಿಗೆಮನೆಯ ನೆತ್ತಿಯಲ್ಲಿ ಹೊಗೆ ಹೋಗಲೊಂದು ಬೆಳಕಿಂಡಿ: ಇದು ನಾವು ಬಾಲ್ಯದಲ್ಲಿ ಕಂಡ ಮನೆ. ಮಾಳಿಗೆ ಸೋರತೊಡಗಿದಾಗ ಅಣ್ಣನವರು ಅದನ್ನು ಇಳಿಸಿ ಅಡಿಗೆಮನೆಗೆ ಸಿಮೆಂಟಿನ ಸ್ಲ್ಯಾಬನ್ನೂ, ಪಡಸಾಲೆಗೆ ತಗಡನ್ನೂ ಹಾಕಿಸಿದರು. ಸೋರುವುದು ನಿಂತಿತು. ಆದರೆ ಬೆಳಕಿಂಡಿಯೂ ಮುಚ್ಚಿಹೋಯಿತು. ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿಗೆ ಕೊಡುತ್ತಿದ್ದ ಮಣ್ಣಿನ ಮಾಳಿಗೆಯ ಜಾಗದಲ್ಲಿ, ಸಂಜೆಯಾದೊಡನೆ ತಣ್ಣಗಾಗುವ ತಗಡು ಬಂದಿತು.

2022ರ ಎಳ್ಳಮಾವಾಸ್ಯೆಗೆ ನಾವು ಊರಿಗೆ ಹೋದಾಗ ಎಂಬತ್ತು ದಾಟಿದ ಅವ್ವ ಕಂಬಳಿಯೊಳಗೆ ನಡುಗುತ್ತಿದ್ದಳು. ಮನೆಯಲ್ಲಿ ಗ್ಯಾಸಿನ ಒಲೆ ಇಲ್ಲದಿರಲಿಲ್ಲ. ಚಹಕ್ಕೂ ಪಲ್ಯಕ್ಕೂ ಅದೇ ಸಾಕಾಗುತ್ತಿತ್ತು. ಜೋಳದ ರೊಟ್ಟಿಗೆ, ಹಬ್ಬದ ಭಜ್ಜಿಯ ದೊಡ್ಡ ಪಾತ್ರೆಗೆ, ಸ್ನಾನದ ಹಂಡೆಗೆ ಮಾತ್ರ ಕಟ್ಟಿಗೆಯ ಒಲೆಯೇ ಬೇಕಿತ್ತು. "ಒಲಿ ದೊಡ್ಡದು ಹಾಕಪ್ಪ, ಮನಿ ಬೆಚ್ಚಗ ಆಗ್ತದ" ಎಂದು ಅವ್ವ ಅಣ್ಣನವರಿಗೆ ಹೇಳಿದಳು. ನಮಗೂ ಅದೇ ಸರಿಯೆನಿಸಿತು. ಮೊದಲಿದ್ದ ಒಲೆಯನ್ನು ಕೆಡವಿ, ಅದರ ಎರಡರಷ್ಟು ಅಗಲದ ಬಾಯಿಯ ಹೊಸ ಒಲೆಯನ್ನು ಎರಡೇ ದಿನದಲ್ಲಿ ಕಟ್ಟಿಸಿದೆವು.

ಫಲ ಮಾತ್ರ ನಾವೆಣಿಸಿದಂತಾಗಲಿಲ್ಲ. ದೊಡ್ಡ ಬಾಯಿಗೆ ದೊಡ್ಡ ದಿಮ್ಮಿಗಳೇ ಬೇಕಾದವು. ಹಸಿ ಜಾಲಿಯ ದಿಮ್ಮಿ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಸ್ಲ್ಯಾಬಿನ ಕೆಳಗೆ ಹೊಗೆ ಮೋಡದಂತೆ ನಿಂತಿತು. ಅದನ್ನು ಹೊರಹಾಕಲು ಬಾಗಿಲನ್ನು ತೆರೆದರೆ ಬೆಚ್ಚಗಿನ ಗಾಳಿಯೂ ಅದರೊಡನೆ ಹೊರಟುಹೋಗುತ್ತಿತ್ತು. ಅವ್ವನ ಕೆಮ್ಮು ಹೆಚ್ಚಿತು, ವೈನಿಯ ಕಣ್ಣು ಕೆಂಪಾದವು. ಮನೆಯಂತೂ ಬೆಚ್ಚಗಾಗಲಿಲ್ಲ.

ಆಗ ನಾವು ಮಾಡಿದ ಎರಡನೆಯ ತಪ್ಪು ಮೊದಲಿನದಕ್ಕಿಂತ ಘೋರವಾದದ್ದು. ಒಲೆಯಲ್ಲಿ ಉಳಿದ ಕೆಂಡವನ್ನು ಶೇಗಡಿಗೆ ತುಂಬಿ, ಹೊಗೆಯಿಲ್ಲವಲ್ಲಾ ಎಂಬ ಧೈರ್ಯದಿಂದ, ಅವ್ವ ಮತ್ತು ವೈನಿ ಮಲಗುವ ಕೋಣೆಯಲ್ಲಿಟ್ಟು ಕದವನ್ನೂ ಕಿಟಕಿಯನ್ನೂ ಮುಚ್ಚಿದೆವು. ಬೆಳಗಿನ ಜಾವ ವೈನಿ ತಲೆ ಸಿಡಿಯುವ ನೋವಿನಿಂದ ಎದ್ದು, ಹೊಸ್ತಿಲ ಬಳಿ ವಾಂತಿ ಮಾಡಿಕೊಂಡು ಕುಸಿದರು. ಅವ್ವನನ್ನು ಎಬ್ಬಿಸಿದರೆ ಏಳಲಿಲ್ಲ. ಇಬ್ಬರನ್ನೂ ಅಂಗಳಕ್ಕೆ ಹೊತ್ತು ತಂದು ಆಸ್ಪತ್ರೆಗೆ ಕರೆದೊಯ್ದೆವು. ಶಿವನ ಕೃಪೆಯಿಂದ ಸಂಜೆಯ ಹೊತ್ತಿಗೆ ಇಬ್ಬರೂ ಚೇತರಿಸಿಕೊಂಡರು. "ಇನ್ನೊಂದು ತಾಸು ತಡವಾಗಿದ್ದರೆ ನಾನೇನೂ ಹೇಳಲಾರೆ" ಎಂದು ವೈದ್ಯರು ನುಡಿದಾಗ ನಮ್ಮ ಕೈಕಾಲು ತಣ್ಣಗಾದವು. ಅಂದು ಉಳಿದ ಜೀವಗಳ ಋಣಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆಂಡದ ಕಾಣದ ವಿಷ

ಕೆಂಡ ಹೊಗೆಯಾಡದಿದ್ದರೂ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವನ್ನು ಉಗುಳುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್, ಪ್ರಾಣವಾಯುವಿಗಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆದುದರಿಂದ ಉಸಿರಾಡುತ್ತಿದ್ದರೂ ದೇಹಕ್ಕೆ ಉಸಿರು ದಕ್ಕುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಇದರ ಲಕ್ಷಣಗಳು. ಮಲಗಿದವರಿಗೆ ಇವಾವುವೂ ತಿಳಿಯದೆ ನಿದ್ದೆಯಲ್ಲಿಯೇ ಪ್ರಾಣ ಹೋಗಬಹುದು. ಆದಕಾರಣ ಶೇಗಡಿಯನ್ನಾಗಲಿ ಅಗ್ಗಿಷ್ಟಿಕೆಯನ್ನಾಗಲಿ ಮಲಗುವ ಕೋಣೆಯಲ್ಲಿ ಎಂದಿಗೂ ಇಡಲಾಗದು. ಇಂತಹ ಲಕ್ಷಣಗಳು ಕಂಡರೆ ರೋಗಿಯನ್ನು ಕೂಡಲೇ ಬಯಲಿಗೆ ತಂದು 108ಕ್ಕೆ ಕರೆಮಾಡಬೇಕು.

ಹೊಗೆಯೂ ಸಾಮಾನ್ಯ ಶತ್ರುವಲ್ಲ. ಅಡಿಗೆಮನೆಯ ಹೊಗೆಯಿಂದ ಜಗತ್ತಿನಲ್ಲಿ 2020ರ ಒಂದೇ ವರ್ಷದಲ್ಲಿ ಸುಮಾರು 32 ಲಕ್ಷ ಜನ ಅಕಾಲಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದರ ಭಾರ ಹೆಚ್ಚಾಗಿ ಬೀಳುವುದು ಒಲೆಯ ಮುಂದೆ ಕೂರುವ ತಾಯಂದಿರ ಮೇಲೆ, ಅವರ ಮಡಿಲಿನ ಕೂಸುಗಳ ಮೇಲೆ.

ಹಿರಿದಲ್ಲ, ಸರಿಯಾದುದು

ಒಲೆಯನ್ನು ಹಿರಿದು ಮಾಡಿದರೆ ಶಾಖ ಹೆಚ್ಚುವುದೆಂಬ ಭಾವನೆ ನಮ್ಮದು ಮಾತ್ರವಲ್ಲ. ಚಳಿನಾಡಾದ ಇಂಗ್ಲೆಂಡಿನಲ್ಲಿಯೂ ಹಿಂದೆ ಮನೆಮನೆಯಲ್ಲಿ ಆಳಾದ, ಅಗಲವಾದ ಅಗ್ಗಿಷ್ಟಿಕೆಗಳಿದ್ದವು. ಹೊರೆಗಟ್ಟಲೆ ಕಟ್ಟಿಗೆ ಸುಟ್ಟರೂ ಶಾಖವೆಲ್ಲ ಹೊಗೆಗೂಡಿನಿಂದ ಮೇಲೇರಿ ಹೋಗುತ್ತಿತ್ತು, ಕೋಣೆಯಲ್ಲಿ ಹೊಗೆಯೇ ಉಳಿಯುತ್ತಿತ್ತು. 1790ರ ದಶಕದಲ್ಲಿ ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ ಅವುಗಳನ್ನು ಹಿರಿದು ಮಾಡುವ ಬದಲು ಕಿರಿದು ಮಾಡಿದನು. ಅಗ್ಗಿಷ್ಟಿಕೆಯ ಆಳವನ್ನು ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಹೊಗೆಗೂಡಿನ ಕೊರಳನ್ನು ಸಣ್ಣದಾಗಿಸಿದನು. ಹೊಗೆ ಸಲೀಸಾಗಿ ಮೇಲೇರಿತು, ಶಾಖ ಕೋಣೆಯೊಳಕ್ಕೆ ಚೆಲ್ಲಿತು.

ನಮ್ಮ ನಾಡಿನಲ್ಲಿಯೂ ಇಂತಹುದೇ ಸಾಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಆ ಬಳಗವು 1980ರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯು ರಾಜ್ಯದ ಅನೇಕ ಹಳ್ಳಿಗಳನ್ನು ತಲುಪಿತು. ಉರಿಯ ಗೂಡನ್ನು ಕಿರಿದಾಗಿಸಿ, ಕಟ್ಟಿಗೆಯ ಅಡಿಯಲ್ಲಿ ಕಬ್ಬಿಣದ ಜಾಲರಿಯನ್ನಿಟ್ಟು, ಒಂದೇ ಉರಿಯು ಮೂರು ಪಾತ್ರೆಗಳ ಅಡಿಯನ್ನು ಸವರಿಕೊಂಡು ಹೋಗಿ ಕೊನೆಗೆ ಹೊಗೆಕೊಳವೆಯನ್ನು ಸೇರುವಂತೆ ಮಾಡಿದ್ದೇ ಅದರ ಮರ್ಮ. ಹಳೆಯ ಮಾದರಿಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲೊಂದು ಪಾಲು ಪಾತ್ರೆಗೆ ದಕ್ಕಿದರೆ, ಇದರಲ್ಲಿ ಮೂರು ಪಾಲಿಗೂ ಮಿಕ್ಕಿ ದಕ್ಕುತ್ತಿತ್ತು.

ಕೇಂದ್ರ ಸರಕಾರವು 1983ರಲ್ಲಿ ಆರಂಭಿಸಿ 2002ರವರೆಗೆ ನಡೆಸಿದ ಸುಧಾರಿತ ಒಲೆಗಳ ಯೋಜನೆಯಲ್ಲಿ ದೇಶದಾದ್ಯಂತ 3 ಕೋಟಿಗೂ ಹೆಚ್ಚು ಒಲೆಗಳು ನಿರ್ಮಾಣವಾದವು. ಅವುಗಳಲ್ಲಿ ಬಹಳಷ್ಟು ಬಾಳಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿರಲಿಲ್ಲ, ಜಾಲರಿ ಮುರಿದಾಗ ಬದಲಿಸುವವರಿರಲಿಲ್ಲ. ಒಲೆ ಎಷ್ಟೇ ಉತ್ತಮವಾಗಿದ್ದರೂ ಆರೈಕೆಯಿಲ್ಲದೆ ಉಳಿಯದೆಂಬುದೇ ಅದರಿಂದ ಕಲಿಯಬೇಕಾದ ಪಾಠ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಗ್ಯಾಸು ಬಡವರ ಮನೆಗೂ ಬಂದಿದೆ. ಆದರೂ ಹಂಡೆಯ ಕೆಳಗಿನ ಕಟ್ಟಿಗೆ ನಮ್ಮ ಭಾಗದ ಹಳ್ಳಿಗಳಲ್ಲಿ ಇನ್ನೂ ಆರಿಲ್ಲವೆಂಬುದು ಎಲ್ಲರೂ ಕಂಡ ಮಾತು.

ನಾವು ಮಾಡಿಸಿದ ಬದಲಾವಣೆ

ಆಸ್ಪತ್ರೆಯಿಂದ ಮರಳಿದ ವಾರದಲ್ಲಿಯೇ ಹುಮನಾಬಾದಿನಿಂದ ಒಬ್ಬ ಹಿರಿಯ ಗೌಂಡಿಯನ್ನು ಕರೆಸಿದೆವು. ಅವರು ಒಲೆಯನ್ನೊಮ್ಮೆ, ಸ್ಲ್ಯಾಬನ್ನೊಮ್ಮೆ ನೋಡಿ, "ಒಲಿ ದೊಡ್ಡದಿರಲಿ ಸಣ್ಣದಿರಲಿ ಅವ್ವಾರ, ಮೊದಲು ಹೊಗೀಗಿ ಹಾದಿ ಬೇಕ್ರಿ" ಎಂದರು. ಅವರ ಕೈಯಲ್ಲಿ ಆದ ಕೆಲಸವನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ಮೊದಲನೆಯದಾಗಿ, ಒಲೆಯ ಬಾಯಿಯನ್ನು ಇಟ್ಟಿಗೆ ಮತ್ತು ಮಣ್ಣಿನಿಂದ ಕಿರಿದು ಮಾಡಿ, ಒಳಗೆ ಕಬ್ಬಿಣದ ಜಾಲರಿಯನ್ನಿಟ್ಟರು. ಕೆಳಗಿನಿಂದ ಗಾಳಿಯಾಡಿದ್ದರಿಂದ ಉರಿ ಚುರುಕಾಯಿತು.

ಎರಡನೆಯದಾಗಿ, ಒಲೆಯ ಹಿಂಬದಿಯಿಂದ ಸುಮಾರು 4 ಅಂಗುಲ ವ್ಯಾಸದ ಹೊಗೆಕೊಳವೆಯನ್ನು ಸ್ಲ್ಯಾಬನ್ನು ದಾಟಿಸಿ, ಅದರ ಮೇಲೆ ಎರಡಡಿಗೂ ಮಿಕ್ಕಿ ಎತ್ತರಿಸಿ, ಮಳೆಗೆ ಮೇಲೊಂದು ಟೊಪ್ಪಿಗೆಯನ್ನಿಟ್ಟರು. ಹಿಂದೆ ಇದಕ್ಕೆ ಕಲ್ನಾರಿನ ಕೊಳವೆಗಳನ್ನು ಬಳಸುವುದಿತ್ತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿಕರವಾದುದರಿಂದ ಅದು ಬೇಡ. ಮರದ ತೊಲೆಗಳಿರುವ ಮನೆಯಲ್ಲಿ ಕೊಳವೆಯು ತೊಲೆಗೆ ತಾಗದಂತೆ ಎಚ್ಚರ ವಹಿಸಬೇಕು.

ಮೂರನೆಯದಾಗಿ, ಒಲೆಯನ್ನು ಅವ್ವ ಮಲಗುವ ಕೋಣೆಯ ಗೋಡೆಗೆ ಒತ್ತಿ ಕಟ್ಟಿದರು. ಸಂಜೆ ರೊಟ್ಟಿ ಬೇಯಿಸುವಾಗ ಕಾದ ಜಂಬಿಟ್ಟಿಗೆಯ ದಪ್ಪ ಗೋಡೆ ರಾತ್ರಿ ಬಹಳ ಹೊತ್ತು ಆ ಬಿಸಿಯನ್ನು ಮೆಲ್ಲನೆ ಕೋಣೆಗೆ ಬಿಡುತ್ತದೆ. ಬೆಂಕಿ ಈಚೆಗೆ, ಬಿಸಿ ಆಚೆಗೆ. ಅವ್ವನ ಮಂಚವನ್ನು ಆ ಗೋಡೆಯ ಬದಿಗೆ ಸರಿಸಿದೆವು.

ನಾಲ್ಕನೆಯದಾಗಿ, ತಗಡಿನ ಕೆಳಗೆ ಬಿದಿರಿನ ತಟ್ಟಿಯ ಒಳಮಾಡನ್ನು ಕಟ್ಟಿಸಿ, ಕದದ ಸಂದಿಗಳನ್ನು ಮುಚ್ಚಿಸಿದೆವು. ಅಡಿಗೆಮನೆಯ ಕಿಟಕಿಯನ್ನು ಮಾತ್ರ ಒಲೆ ಉರಿಯುವಷ್ಟು ಹೊತ್ತೂ ಗೇಣಗಲ ತೆರೆದಿಡುತ್ತೇವೆ. ಒಳಗೆ ಗಾಳಿ ಬಾರದೆ ಕೊಳವೆಯು ಹೊಗೆಯನ್ನು ಎಳೆಯಲಾರದು.

ಹಸಿ ಕಟ್ಟಿಗೆಯ ಲೆಕ್ಕ

ಇಷ್ಟೆಲ್ಲ ಮಾಡಿದರೂ ಕಟ್ಟಿಗೆ ಹಸಿಯಾಗಿದ್ದರೆ ಫಲವಿಲ್ಲ. 10 ಕಿಲೋ ಹಸಿ ಕಟ್ಟಿಗೆಯಲ್ಲಿ 4 ಕಿಲೋ ನೀರಿದೆಯೆಂದು ಭಾವಿಸೋಣ. ಆ ನೀರನ್ನು ಕುದಿಯುವವರೆಗೆ ಕಾಯಿಸಲು ಸುಮಾರು 300 ಕಿಲೋಕ್ಯಾಲೊರಿ, ಆವಿಯಾಗಿಸಲು ಸುಮಾರು 2,160 ಕಿಲೋಕ್ಯಾಲೊರಿ ಶಾಖ ವ್ಯಯವಾಗುತ್ತದೆ. ಅಷ್ಟೇ ಶಾಖ ಹಂಡೆಗೆ ಪೂರ್ತಿಯಾಗಿ ದಕ್ಕಿದ್ದರೆ ಹತ್ತಿರ ಹತ್ತಿರ 100 ಲೀಟರ್ ನೀರು 25 ಡಿಗ್ರಿಯಷ್ಟು ಬಿಸಿಯಾಗುತ್ತಿತ್ತು. ಇಡೀ ಮನೆಯವರ ಸ್ನಾನಕ್ಕಾಗುವ ಶಾಖವನ್ನು ನಾವು ಹೊಗೆಯೊಡನೆ ಆಕಾಶಕ್ಕೆ ಕಳಿಸುತ್ತಿದ್ದೆವೆಂದಾಯಿತು.

ಆದುದರಿಂದ ಬೇಸಿಗೆಯಲ್ಲಿಯೇ ಕಟ್ಟಿಗೆಯನ್ನು ಸಣ್ಣದಾಗಿ ಸೀಳಿ, ನೆಲದಿಂದ ಮೇಲೆ, ಮಳೆ ತಾಗದೆ ಗಾಳಿಯಾಡುವಲ್ಲಿ ಒಟ್ಟಬೇಕು. ನಮ್ಮ ಹೊಲಗಳಲ್ಲಿ ಧಾರಾಳವಾಗಿ ಸಿಗುವ ತೊಗರಿ ಕಟ್ಟಿಗೆ ಬೇಗ ಹತ್ತಿ ಚುರುಕಾಗಿ ಉರಿಯುವುದರಿಂದ ಹಂಡೆಗೆ ಅನುಕೂಲ. ಆದರೆ ಅದರ ಒಟ್ಟಿಲು ಒಲೆಗೆ ದೂರವಿರಲಿ, ಒಂದು ಕಿಡಿ ಸಾಕು. ಹೊಗೆಕೊಳವೆಯನ್ನು ತಿಂಗಳಿಗೊಮ್ಮೆ ಬಡಿದು ಮಸಿ ತೆಗೆಯಬೇಕು. ನಮ್ಮ ಮನೆಯಲ್ಲಿ ಅಮಾವಾಸ್ಯೆಯ ಹಿಂದಿನ ದಿನವನ್ನು ಇದಕ್ಕೆ ಗೊತ್ತುಮಾಡಿಕೊಂಡಿರುವುದರಿಂದ ಮರೆಯುವ ಪ್ರಸಂಗವೇ ಬಂದಿಲ್ಲ.

ಈಗ ಮೂರು ದಿನಕ್ಕೆ ತೀರುತ್ತಿದ್ದ ಹೊರೆ ಐದು ದಿನ ಬರುತ್ತದೆ. ವೈನಿಯ ಕಣ್ಣು ಉರಿಯುವುದಿಲ್ಲ. ಅವ್ವ ರಾತ್ರಿ ಗೋಡೆಗೆ ಅಂಗೈಯನ್ನು ಒತ್ತಿ ನೋಡಿ, ಸಮಾಧಾನದಿಂದ ಮಲಗುತ್ತಾಳೆ. ದೊಡ್ಡ ಒಲೆ ಬೇಕೆಂದು ಹಟ ಹಿಡಿದವಳು ತಾನೇ ಎಂಬುದನ್ನು ನೆನಪಿಸಿದರೆ ನಗುತ್ತಾಳೆ.

ಬಂಧುಗಳೇ, ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನವರು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಕಳಿಸಿದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅಕ್ಕಿಗೆ ಸಂದ ಆ ನೀತಿ ಕಟ್ಟಿಗೆಗೂ ಸಲ್ಲುತ್ತದೆ. ಈ ಚಳಿಗಾಲದಲ್ಲಿ ಒಲೆಯನ್ನು ಹಿರಿದು ಮಾಡಹೊರಡುವ ಮುನ್ನ ನಿಮ್ಮ ಅಡಿಗೆಮನೆಯ ನೆತ್ತಿಯನ್ನೊಮ್ಮೆ ನೋಡಿರಿ. ಅಲ್ಲಿ ಮಸಿ ಕಟ್ಟಿದ್ದರೆ, ಅದೇ ಮಸಿ ಒಲೆಯ ಮುಂದೆ ಕೂರುವ ತಾಯಿಯ ಎದೆಯೊಳಗೂ ಕಟ್ಟುತ್ತಿದೆಯೆಂದು ತಿಳಿಯಿರಿ. ಮೊದಲು ಹೊಗೆಗೆ ದಾರಿ ಮಾಡಿಕೊಡಿರಿ. ಮಲಗುವ ಕೋಣೆಗೆ ಕೆಂಡವನ್ನು ಒಯ್ಯಬೇಡಿರಿ. ನಮ್ಮ ಮನೆಯಲ್ಲಿ ತಪ್ಪಿದ ಅನಾಹುತ ಇನ್ನಾರ ಮನೆಯಲ್ಲಿಯೂ ಸಂಭವಿಸದಿರಲೆಂದು ಹಾರೈಸುತ್ತೇವೆ.