ಮುಳುಗಿದವರ ಹೊಟ್ಟೆ ಒತ್ತಬೇಕೇ?

ಪ್ರಶ್ನೆ: ಹೊಳೆಯಲ್ಲಿ ಮುಳುಗಿ ಎಚ್ಚರ ತಪ್ಪಿದವರನ್ನು ದಡಕ್ಕೆ ತಂದು ಹೊಟ್ಟೆ ಒತ್ತಿ ನೀರು ಕಕ್ಕಿಸುತ್ತಾರಲ್ಲ, ಲೈಫ್‌ಗಾರ್ಡ್‌ಗಳೂ ಹಾಗೇ ಮಾಡುತ್ತಾರೆಯೇ?
– ಓದುಗರು, ಕೊಪ್ಪ

ಉತ್ತರ: ಇಲ್ಲ. ಹೊಟ್ಟೆ ಒತ್ತಿದರೆ ಬರುವುದು ಜಠರದ ನೀರು. ಜೊತೆಗೆ ಬರುವ ವಾಂತಿ ಶ್ವಾಸಕೋಶಕ್ಕಿಳಿದರೆ ಇನ್ನೂ ಕೆಡುಕು. ಮುಳುಗಿದವರಿಗೆ ಬೇಕಾಗಿರುವುದು ಆಮ್ಲಜನಕ. ಅದಕ್ಕೇ ಲೈಫ್‌ಗಾರ್ಡ್ ಮುಖವನ್ನು ನೀರಿನ ಮೇಲೆ ಹಿಡಿದೇ ಎಳೆದು ತರುತ್ತಾರೆ. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ 10 ಸೆಕೆಂಡಿನೊಳಗೆ ಉಸಿರಾಟ ನೋಡುತ್ತಾರೆ. ಉಸಿರಿಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಮೊದಲು ಗಾಳಿ ಊದುತ್ತಾರೆ: ಯುರೋಪಿನ ಕ್ರಮದಲ್ಲಿ 5 ಸಲ, ಅಮೆರಿಕದ್ದರಲ್ಲಿ 2. ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೆ ನಿಲ್ಲಿಸದೆ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120, ದೊಡ್ಡವರಿಗೆ ಆಳ ಸುಮಾರು 5 ಸೆಂ.ಮೀ. ಹೃದಯ ಸ್ತಂಭನಕ್ಕೆಂದು ಎದೆ ಒತ್ತುವುದನ್ನಷ್ಟೇ ಕಲಿತವರು ಎಡವುವುದು ಮೊದಲು ಗಾಳಿ ಊದುವ ಹಂತದಲ್ಲೇ. ಬಾಯಲ್ಲಿ ನೊರೆ ಬಂದರೆ ಒರೆಸುತ್ತ ಕೂರಬಾರದು.

ಉಸಿರು ಮರಳಿದರೆ ಪಕ್ಕಕ್ಕೆ ಹೊರಳಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗಿಡಿ. ಎದ್ದು ಕೂತು ಕಾಫಿ ಕೇಳಿದರೂ ಆಸ್ಪತ್ರೆಗೆ ಕಳಿಸಿ. ಉಸಿರಾಟದ ತೊಂದರೆ ಕೆಲವು ಗಂಟೆ ಕಳೆದು ಕಾಣಿಸಬಹುದು. ಉಪ್ಪಿನ ರಾಶಿಯಲ್ಲಿ ಹೂತರೆ ಜೀವ ಬರುತ್ತದೆಂಬ ವಾಟ್ಸಾಪ್ ಸುದ್ದಿ ಶುದ್ಧ ಸುಳ್ಳು.

ಮಲ್ಪೆ ಕಡಲತೀರದಲ್ಲಾದರೆ ಲೈಫ್‌ಗಾರ್ಡ್ ಇರುತ್ತಾರೆ. ಶೃಂಗೇರಿಯ ತುಂಗೆಯಲ್ಲಾಗಲಿ, ನರಸಿಂಹರಾಜಪುರದ ಭದ್ರಾ ಹಿನ್ನೀರಿನಲ್ಲಾಗಲಿ ಮೊದಲು ಕೈಗೆಟಕುವವರು ದಡದಲ್ಲಿದ್ದವರೇ. ಈಜು ಬಾರದವರು ಧುಮುಕಬೇಡಿ: ಹಗ್ಗ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಪಂಚೆಯಾದರೂ ಸರಿ, ಎಸೆಯಿರಿ. ಒಬ್ಬರು ಊದುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಿ.