ತೊಡೆಸಂದಿನ ಚರ್ಮವ್ಯಾಧಿ: ಅದರ ಕಾರಣಗಳೂ ಆರೈಕೆಯೂ

ಆರೋಗ್ಯವನ್ನು ಕುರಿತು ಬರೆಯುವವರು ಕಣ್ಣು, ಹಲ್ಲು, ಜಠರ, ಶ್ವಾಸಕೋಶ ಮುಂತಾದ ಅವಯವಗಳ ವಿಷಯವಾಗಿ ವಿಸ್ತಾರವಾಗಿ ಬರೆಯುವದುಂಟು. ಆದರೆ ತೊಡೆಸಂದಿನ ಚರ್ಮವು ಕೆಂಪೇರಿ, ಉರಿದು, ತುರಿಸಿ, ಕೊನೆಗೆ ಒರಟಾಗಿ ಕಪ್ಪಾಗುವ ವ್ಯಾಧಿಯ ಮಾತು ಬಂದರೆ ಎಲ್ಲರೂ ಮೌನವನ್ನು ವಹಿಸುವರು. ಮಗಳು ತಾಯಿಗೆ ಹೇಳಲು ನಾಚುವಳು. ತಾಯಿಯು ವೈದ್ಯರಿಗೆ ಹೇಳಲು ಸಂಕೋಚಪಡುವಳು. ಹೀಗೆ ಒಂದು ವಾರದಲ್ಲಿ ಗುಣವಾಗಬಹುದಾದ ಉರಿಯು ತಿಂಗಳುಗಟ್ಟಲೆ ಉಳಿದು, ನಿದ್ರೆಯನ್ನೂ ಪಾಠದ ಮೇಲಿನ ಗಮನವನ್ನೂ ಕೆಡಿಸುವದು. ಕಣ್ಣುನೋವಿನಂತೆ ಇದೂ ಶರೀರದ ಒಂದು ಬಾಧೆಯೇ ಹೊರತು ನಡತೆಯ ದೋಷವಲ್ಲ. ಆದಕಾರಣ ಇದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ವಿವರಿಸುವೆವು.

ನಮ್ಮ ಸೀಮೆಯಲ್ಲಿ ಈ ವ್ಯಾಧಿಗೆ ಅನುಕೂಲವಾದ ಕಾರಣಗಳು ಹೇರಳವಾಗಿರುವವು. ಜೋಯಿಡಾದ ಘಟ್ಟದ ಕಾಡುಗಳಲ್ಲಿ ಜೂನ್ ತಿಂಗಳಿಂದ ಸಪ್ಟೆಂಬರದ ವರೆಗೆ ಎಡೆಬಿಡದೆ ಮಳೆ ಸುರಿಯುವದು. ಹಳಿಯಾಳ ಮುಂಡಗೋಡಗಳ ಕಡೆಗೆ ಮಳೆಯು ಅಷ್ಟಿಲ್ಲದಿದ್ದರೂ, ಬತ್ತದ ನಾಟಿಯ ಕಾಲದಲ್ಲಿ ಹೆಂಗಸರು ಮುಂಜಾನೆಯಿಂದ ಸಂಜೆಯ ತನಕ ತೊಯ್ದ ಸೀರೆಯನ್ನು ಎತ್ತಿ ಕಟ್ಟಿಕೊಂಡು ಗದ್ದೆಯ ನೀರಿನಲ್ಲಿ ನಿಲ್ಲುವರು. ಹಳ್ಳಿಗಳಿಂದ ಶಾಲೆಗೆ ನಡೆದು ಬರುವ ಬಾಲಿಕೆಯರು ಒದ್ದೆ ಬಟ್ಟೆಯಲ್ಲಿಯೇ ದಿನವಿಡೀ ಕುಳಿತಿರುವದುಂಟು. ಇನ್ನು ದಾಂಡೇಲಿಯ ಕಾರಖಾನೆಗಳಲ್ಲಿ ದುಡಿಯುವವರಿಗೆ ಬೇಸಿಗೆಯ ಬೆವರು ಮಳೆಗಾಲದ ತೇವದ ಕೆಲಸವನ್ನೇ ಮಾಡುವದು.

ತೇವದಿಂದ ಚರ್ಮಕ್ಕೆ ಕೇಡು ಹೇಗೆ ಬರುವದೆಂಬದನ್ನು ಮೊದಲು ತಿಳಿಯಬೇಕು. ನಮ್ಮ ಚರ್ಮದ ಹೊರಪದರವು ಗಟ್ಟಿಯಾದ ಸತ್ತ ಜೀವಕೋಶಗಳಿಂದಾದ ತೆಳುವಾದ ಗೋಡೆಯಂತಿರುವದು. ಅದು ಒಣಗಿರುವ ತನಕ ಒಳಗಿನ ಮೃದುವಾದ ಭಾಗವನ್ನು ಕಾಯುವದು. ಬಹಳ ಹೊತ್ತು ನೆನೆದರೆ, ನೀರಿನಲ್ಲಿದ್ದ ಬೆರಳ ತುದಿಯಂತೆ, ಅದು ಬೆಳ್ಳಗಾಗಿ ಮೆತ್ತಗಾಗುವದು. ತೊಡೆಸಂದಿನಲ್ಲಿ ಚರ್ಮವು ಚರ್ಮಕ್ಕೆ ತಗಲಿಕೊಂಡಿರುವದರಿಂದ ಗಾಳಿಯು ಆಡುವದಿಲ್ಲ. ನಡೆಯುವಾಗ ಹೆಜ್ಜೆಹೆಜ್ಜೆಗೂ ಉಜ್ಜಾಟವು ತಪ್ಪುವದಿಲ್ಲ. ನೆನೆದು ಮೆತ್ತಗಾದ ಗೋಡೆಯು ಈ ಉಜ್ಜಾಟದಿಂದ ಸವೆದುಹೋಗಿ, ಒಳಗಿನ ಭಾಗವು ಕೆಂಪಾಗಿ ಉರಿಯುವದು. ಇದೇ ವ್ಯಾಧಿಯ ಮೊದಲನೆಯ ರೂಪವು. ಬಟ್ಟೆಯಲ್ಲಿ ಸರಿಯಾಗಿ ಹಿಂಡದೆ ಉಳಿದ ಸಾಬೂನು, ಸುಗಂಧದ ಪುಡಿಗಳು, ಮುಟ್ಟಿನ ದಿನಗಳಲ್ಲಿ ಬಹಳ ಹೊತ್ತು ಬದಲಿಸದ ಬಟ್ಟೆ ಅಥವಾ ಪ್ಯಾಡು, ಬಿಗಿಯಾದ ನೈಲಾನ್ ಒಳಉಡುಪು ಇವೂ ಅದನ್ನು ಹೆಚ್ಚಿಸುವವು.

ಎರಡನೆಯ ರೂಪವು ಗಜಕರ್ಣ. ಇದನ್ನು ಹುಳುಕಡ್ಡಿಯೆಂದೂ ಕರೆಯುವರು. ಹೆಸರಿನಲ್ಲಿ ಹುಳುವಿದ್ದರೂ ವ್ಯಾಧಿಯಲ್ಲಿ ಹುಳುವಿಲ್ಲ. ಒದ್ದೆ ರೊಟ್ಟಿಯ ಮೇಲೆ ಬರುವ ಬೂಷ್ಟಿನ ವರ್ಗಕ್ಕೆ ಸೇರಿದ ಶಿಲೀಂಧ್ರವೊಂದು ಚರ್ಮದ ಹೊರಪದರವನ್ನೇ ಆಹಾರವಾಗಿ ಮಾಡಿಕೊಂಡು ಬೆಳೆಯುವದು. ಅದು ಸಂದಿನಿಂದ ಹೊರಟು ತೊಡೆಯ ಒಳಮೈಗೆ ಬಳೆಯ ಆಕಾರವಾಗಿ ಹರಡುವದು, ಅಂಚು ಉಬ್ಬಿ ಹೊಟ್ಟು ಏಳುವದು, ನಡುಭಾಗವು ತಿಳಿಯಾಗಿ ಕಾಣುವದು, ನವೆಯು ಬಲವಾಗಿರುವದು. ಇದೇ ಶಿಲೀಂಧ್ರವು ಕಾಲ್ಬೆರಳುಗಳ ಸಂದಿನಲ್ಲಿಯೂ ವಾಸಿಸಬಲ್ಲದು. ಅಲ್ಲಿಂದ ಬಟ್ಟೆ, ಟವೆಲು, ಕೈಗಳ ಮೂಲಕ ಮೇಲಕ್ಕೆ ಬರುವದು. ಆದದರಿಂದ ತೊಡೆಗೆ ಔಷಧ ಹಚ್ಚುವವರು ಕಾಲ್ಬೆರಳುಗಳನ್ನೂ ನೋಡಿಕೊಳ್ಳತಕ್ಕದ್ದು.

ಮೂರನೆಯದು ಕ್ಯಾಂಡಿಡಾ ಎಂಬ ಬೇರೊಂದು ಶಿಲೀಂಧ್ರದಿಂದ ಬರುವದು. ಇದರಲ್ಲಿ ಬಳೆಯ ಆಕಾರವಿಲ್ಲ. ಸಂದಿನ ಆಳದಲ್ಲಿ ಚರ್ಮವು ಹಸಿಹುಣ್ಣಿನಂತೆ ಕೆಂಪಾಗಿ ತೇವದಿಂದಿದ್ದು, ಸುತ್ತಲೂ ಚಿಕ್ಕ ಗುಳ್ಳೆಗಳು ಚದರಿರುವವು. ಮಧುಮೇಹಿಗಳಿಗೂ, ಸ್ಥೂಲಕಾಯರಿಗೂ, ಗರ್ಭಿಣಿಯರಿಗೂ ಇದು ಹೆಚ್ಚಾಗಿ ಬರುವದು. ಮೇಲಿಂದ ಮೇಲೆ ಹೀಗಾಗುತ್ತಿದ್ದರೆ ರಕ್ತದಲ್ಲಿಯ ಸಕ್ಕರೆಯನ್ನು ಪರೀಕ್ಷಿಸುವದು ಅವಶ್ಯವು. ಈ ಕ್ಯಾಂಡಿಡಾಕ್ಕೆ ಪರಿಣಾಮಕಾರಿಯಾದ ನಿಸ್ಟಾಟಿನ್ ಎಂಬ ಔಷಧವನ್ನು ಕಂಡುಹಿಡಿದವರು ಇಬ್ಬರು ಸ್ತ್ರೀಯರೆಂಬದು ನಮ್ಮ ಬಾಲಿಕೆಯರು ತಿಳಿಯತಕ್ಕ ಸಂಗತಿಯಾಗಿದೆ. ಅಮೇರಿಕೆಯ ನ್ಯೂಯಾರ್ಕ ಸಂಸ್ಥಾನದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಹಾಗೂ ರೇಚಲ್ ಬ್ರೌನ್ ಎಂಬವರು ಮಣ್ಣಿನಲ್ಲಿಯ ಸೂಕ್ಷ್ಮಜೀವಿಯೊಂದರಿಂದ ಅದನ್ನು ಪಡೆದು 1950ರಲ್ಲಿ ಪ್ರಕಟಪಡಿಸಿದರು. ಅದರಿಂದ ಬಂದ ಒಂದು ಕೋಟಿ ಡಾಲರಿಗೂ ಮಿಕ್ಕಿದ ಧನವನ್ನು ಅವರು ತಮಗಾಗಿ ಇಟ್ಟುಕೊಳ್ಳದೆ ವಿಜ್ಞಾನದ ಕಾರ್ಯಕ್ಕೆ ಬಿಟ್ಟುಕೊಟ್ಟರು.

ನಾಲ್ಕನೆಯದು ಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಕೀಟವೊಂದು ಚರ್ಮವನ್ನು ಕೊರೆಯುವದರಿಂದ ಇದು ಬರುವದು. ರಾತ್ರಿಯಲ್ಲಿ ತುರಿಕೆಯು ಹೆಚ್ಚು. ಕೈಬೆರಳ ಸಂದು, ಮಣಿಕಟ್ಟು, ಸೊಂಟಗಳಲ್ಲಿಯೂ ಗುಳ್ಳೆಗಳಿರುವವು. ಮನೆಯ ಇತರರೂ ತುರಿಸಿಕೊಳ್ಳುತ್ತಿರುವರು. ಇದಕ್ಕೆ ಮನೆಮಂದಿಯೆಲ್ಲ ಒಂದೇ ಕಾಲಕ್ಕೆ ಔಷಧ ಮಾಡಿಕೊಳ್ಳಬೇಕು. ಒಬ್ಬರನ್ನು ಬಿಟ್ಟರೂ ಅದು ಮರಳುವದು.

ಇನ್ನು ಚರ್ಮವು ಒರಟಾಗಿ ದಪ್ಪವಾಗುವದೇಕೆ? ಯಾವ ಕಾರಣದಿಂದಲೇ ಆಗಲಿ, ತುರಿಕೆ ಬಂದಾಗ ನಾವು ಕೆರೆದುಕೊಳ್ಳುವೆವು. ಕೆರೆದ ಚರ್ಮವು ತನ್ನ ರಕ್ಷಣೆಗಾಗಿ ದಪ್ಪವಾಗುವದು. ದಪ್ಪವಾದ ಚರ್ಮವು ಮತ್ತಷ್ಟು ತುರಿಸುವದು. ಈ ಸುತ್ತನ್ನು ಮುರಿಯದೆ ಗುಣವಿಲ್ಲ. ಉಗುರುಗಳನ್ನು ಕತ್ತರಿಸಿ, ತುರಿಕೆ ಬಂದಾಗ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಲವು ನಿಮಿಷ ಇಟ್ಟು, ಆಮೇಲೆ ಒಣಗಿಸಿಕೊಳ್ಳುವದು ಹಿತಕರವು.

ಆರೈಕೆಯ ಕ್ರಮವು ಸರಳವಾದದ್ದು. ದಿನಕ್ಕೊಮ್ಮೆ ಸೌಮ್ಯವಾದ ಸಾಬೂನಿನಿಂದ ತೊಳೆದು, ಉಜ್ಜದೆ, ಮೆತ್ತನ್ನ ಬಟ್ಟೆಯಿಂದ ಒತ್ತಿ ನೀರನ್ನು ತೆಗೆಯಬೇಕು. ಮಳೆಯಲ್ಲಿ ತೊಯ್ದು ಬಂದೊಡನೆ ಒಳಉಡುಪನ್ನು ಬದಲಿಸಬೇಕು. ಶಾಲೆಯ ಚೀಲದಲ್ಲಿ ಒಣಗಿದ ಒಂದು ಜೊತೆಯನ್ನು ಇಟ್ಟು ಕಳಿಸುವದು ತಾಯಂದಿರಿಗೆ ಕಠಿಣವಲ್ಲ. ಉಡುಪು ನೂಲಿನದಾಗಿ ಸಡಿಲವಾಗಿರಲಿ. ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬಾರದು. ವಸತಿಗೃಹಗಳಲ್ಲಿ ಈ ನಿಯಮವು ಮುಖ್ಯವಾದದ್ದು. ಬರಿಯ ಉಜ್ಜಾಟದಿಂದ ಬಂದ ಉರಿಗೆ ಪೆಟ್ರೋಲಿಯಂ ಜೆಲ್ಲಿಯನ್ನಾಗಲಿ, ಸತುವಿನ ಮುಲಾಮನ್ನಾಗಲಿ ತೆಳ್ಳಗೆ ಹಚ್ಚಿದರೆ ಸಾಕು.

ಬಟ್ಟೆ ಒಣಗಿಸುವ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಒಳಉಡುಪುಗಳನ್ನೂ ಮುಟ್ಟಿನ ಬಟ್ಟೆಗಳನ್ನೂ ಯಾರೂ ಕಾಣದಂತೆ ಸೀರೆಯ ಕೆಳಗೋ ಕತ್ತಲೆಯ ಮೂಲೆಯಲ್ಲೋ ಒಣಹಾಕುವ ರೂಢಿಯಿದೆ. ಅವು ಅಲ್ಲಿ ಒಣಗುವದೇ ಇಲ್ಲ. ಅರೆಒದ್ದೆಯಾಗಿಯೇ ಮರಳಿ ಮೈಗೆ ಬರುವವು. ಗಂಡಸರ ಅಂಗಿಗೆ ದೊರೆಯುವ ಬಿಸಿಲು ಮಗಳ ಬಟ್ಟೆಗೂ ದೊರೆಯಲಿ. ಬಿಸಿಲಿಲ್ಲದ ದಿನಗಳಲ್ಲಿ ಒಲೆಯ ಬಳಿಯ ಹಗ್ಗದ ಮೇಲೆ ಹರವಿ, ಆಮೇಲೆ ಬಿಸಿ ಇಸ್ತ್ರಿ ಮಾಡಬಹುದು.

ಗಜಕರ್ಣವೆಂದು ಸ್ಪಷ್ಟವಾಗಿದ್ದರೆ ಕ್ಲೋಟ್ರಿಮಝೋಲಿನಂಥ ಶಿಲೀಂಧ್ರನಾಶಕ ಮುಲಾಮನ್ನು ದಿನಕ್ಕೆ ಎರಡು ಸಲ, ಬಳೆಯ ಅಂಚನ್ನು ದಾಟಿ ಒಂದು ಬೆರಳಿನಷ್ಟು ಹೊರಗಿನ ವರೆಗೆ ಹಚ್ಚಬೇಕು. ನವೆ ನಿಂತಿತೆಂದು ಬಿಡಬಾರದು. ಗುರುತು ಮಾಯವಾದ ಮೇಲೂ ಎರಡು ವಾರ ಮುಂದುವರಿಸತಕ್ಕದ್ದು. ಹಳ್ಳಿಗಳಲ್ಲಿ ಮಳೆಗಾಲದ ದಾರಿಬದಿಯಲ್ಲಿ ಬೆಳೆಯುವ ತಗಚೆಯನ್ನು ಇದಕ್ಕೆ ಬಳಸುವರು. ಅದಕ್ಕೆ ಸಂಸ್ಕೃತದಲ್ಲಿ ದದ್ರುಘ್ನ, ಅಂದರೆ ಗಜಕರ್ಣವನ್ನು ಕೊಲ್ಲುವಂಥದು, ಎಂಬ ಹೆಸರುಂಟು. ಆದರೆ ಹಸಿಯಾಗಿ ಸವೆದ ಚರ್ಮದ ಮೇಲೆ ಅರೆದ ಸೊಪ್ಪು, ಬೆಳ್ಳುಳ್ಳಿ, ಸುಣ್ಣ, ಸೀಮೆಎಣ್ಣೆ, ನೀರು ಬೆರೆಸದ ಡೆಟಾಲು ಇವುಗಳನ್ನು ಹಚ್ಚಿದರೆ ಸುಟ್ಟ ಗಾಯವೇ ಆದೀತು.

ಇದಕ್ಕಿಂತಲೂ ದೊಡ್ಡ ಅಪಾಯವು ಅಂಗಡಿಯಿಂದ ಕೇಳಿ ತರುವ ಮಿಶ್ರ ಮುಲಾಮುಗಳಲ್ಲಿರುವದು. ಇವುಗಳಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್ ಮುಂತಾದ ಸ್ಟಿರಾಯ್ಡುಗಳು ಸೇರಿರುವವು. ಹಚ್ಚಿದ ಎರಡು ದಿನಗಳಲ್ಲಿ ನವೆಯು ಅಡಗುವದರಿಂದ ಜನರು ಅವನ್ನು ಮೆಚ್ಚುವರು. ಆದರೆ ಅಡಗುವದು ಶರೀರದ ಪ್ರತಿಭಟನೆಯೇ ಹೊರತು ಶಿಲೀಂಧ್ರವಲ್ಲ. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳನು ನಿರಾತಂಕವಾಗಿ ತಿರುಗುವಂತೆ ಅದು ಹಬ್ಬುವದು. ಬಿಟ್ಟೊಡನೆ ಇಮ್ಮಡಿಯಾಗಿ ಮರಳುವದು. ಬಹುಕಾಲ ಹಚ್ಚಿದರೆ ಚರ್ಮವು ತೆಳುವಾಗಿ, ತೊಡೆಯ ಮೇಲೆ ಎಂದಿಗೂ ಅಳಿಯದ ಬಿರುಕಿನ ಗೆರೆಗಳು ಮೂಡುವವು. ಈ ದುರುಪಯೋಗವನ್ನು ತಡೆಯಲು ಭಾರತ ಸರಕಾರವು 2018ರಲ್ಲಿ ಇಂಥ 14 ಸ್ಟಿರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಕೊಳವೆಯ ಮೇಲಿನ ಹೆಸರುಗಳನ್ನು ಓದುವ ವಿದ್ಯೆಯನ್ನು ನಮ್ಮ ಬಾಲಿಕೆಯರು ಕಲಿತಿದ್ದಾರೆ. ಅದನ್ನು ಮನೆಯಲ್ಲಿ ಉಪಯೋಗಿಸಲಿ.

ಇನ್ನೊಂದು ಎಚ್ಚರಿಕೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದ ಗಜಕರ್ಣವು ಮೊದಲಿಗಿಂತ ಹಟಮಾರಿಯಾಗಿದೆ. ಟ್ರೈಕೋಫೈಟಾನ್ ಇಂಡೋಟೀನಿಯೆ ಎಂದು 2020ರಲ್ಲಿ ಹೆಸರು ಪಡೆದ ಶಿಲೀಂಧ್ರದ ಹಲವು ತಳಿಗಳು ಟರ್ಬಿನಾಫಿನ್ ಎಂಬ ಸಾಮಾನ್ಯ ಔಷಧಕ್ಕೆ ಬಗ್ಗುವದಿಲ್ಲ. ಇಂಥ ವ್ಯಾಧಿಗೆ ವೈದ್ಯರು ಬೇರೆ ಗುಳಿಗೆಗಳನ್ನು ಹಲವು ವಾರ ಕೊಡಬೇಕಾಗುವದು. ನಡುವೆ ನಿಲ್ಲಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವು.

ಎರಡು ವಾರಗಳ ಆರೈಕೆಯಿಂದ ಇಳಿಯದಿದ್ದರೆ, ಕೀವು, ಜ್ವರ, ಊತ, ನೀರುಗುಳ್ಳೆ, ನೋವಿನ ಹುಣ್ಣು ಅಥವಾ ಅಸಹಜ ಸ್ರಾವವು ಕಂಡರೆ, ರೋಗಿಯು ಮಧುಮೇಹಿ, ಗರ್ಭಿಣಿ ಇಲ್ಲವೆ ಶಿಶುವಾಗಿದ್ದರೆ ತಡಮಾಡದೆ ತಾಲೂಕಿನ ಆಸ್ಪತ್ರೆಗೆ ಹೋಗಬೇಕು. ವೈದ್ಯೆಯನ್ನೇ ಕಾಣಬೇಕೆಂದು ಕೇಳುವದರಲ್ಲಿ ತಪ್ಪಿಲ್ಲ. ತಾಯಿಯೋ ಅಕ್ಕನೋ ಜೊತೆಗಿರಲಿ. ಹಿಂದೆ ಹಚ್ಚಿದ ಮುಲಾಮಿನ ಕೊಳವೆಯನ್ನು ಕೂಡ ಒಯ್ದು ತೋರಿಸಿರಿ.

ತಾಯಂದಿರೇ, ಈ ಮಳೆಗಾಲದ ಮೊದಲೇ ನಿಮ್ಮ ಮಗಳನ್ನು ಹತ್ತಿರ ಕೂಡ್ರಿಸಿಕೊಂಡು ಮೆಲ್ಲಗೆ ಕೇಳಿರಿ. ಅವಳು ಹೇಳಿದ ಮೇಲೆ ಗದರಿಸಬೇಡಿರಿ, ನಗಬೇಡಿರಿ. ಈ ವ್ಯಾಧಿಯ ಔಷಧವು ಅಗ್ಗವಾಗಿಯೂ ಸುಲಭವಾಗಿಯೂ ಇದೆ. ದುರ್ಲಭವಾದದ್ದು ಮೊದಲನೆಯ ಮಾತು ಮಾತ್ರವೇ.